ಮಾತಾಡದ ಬೋರ್ಡು

ವಿಜಯಪುರದ ಗಾಂಧಿ ಚೌಕದಲ್ಲಿ ಮೌನಕ್ಕೆ ಎಡೆಯಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಟಂಟಂ ಗಾಡಿಗಳ ಸದ್ದು, ತಳ್ಳುಗಾಡಿಯವರ ಕೂಗು, ತಿಕೋಟಾ ಬಬಲೇಶ್ವರಗಳಿಂದ ಪೇಟೆಗೆ ಬಂದವರ ಮಾತುಕತೆ ಅಲ್ಲಿ ಒಂದರೊಳಗೊಂದು ಬೆರೆತಿರುತ್ತವೆ. ಆ ಗದ್ದಲದ ಮಗ್ಗುಲಿಗೇ, ಒಂದು ಓಣಿಯ ಚಿಕ್ಕ ಅಂಗಡಿಯಲ್ಲಿ, ಮಾತನಾಡಲೊಲ್ಲದ ಯಂತ್ರವೊಂದರ ಮುಂದೆ ಇಬ್ಬರು ಒಂದು ಸಂಜೆಯೆಲ್ಲ ಕುಳಿತಿದ್ದರು. ಒಬ್ಬರು ಮಠದ ಪ್ರೌಢಶಾಲೆಯಲ್ಲಿ ಮೂರು ದಶಕ ವಿಜ್ಞಾನ ಬೋಧಿಸಿ ನಿವೃತ್ತರಾದ ಗುರುಗಳು. ಇನ್ನೊಬ್ಬ, ಅದೇ ಮಠದ ಪ್ರಸಾದ ನಿಲಯದಲ್ಲಿ ಉಂಡು ಬೆಳೆದು, ಅವರ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಕಲಿತ ಶಿಷ್ಯ. ಈಗ ಆ ಅಂಗಡಿಯ ಒಡೆಯ.

ಯಂತ್ರವು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರದು. ತೋಟದ ತಾಪ, ತೇವ, ಮಳೆಗಳನ್ನು ಅಳೆದು ರೋಗದ ಮುನ್ಸೂಚನೆ ಕೊಡುವ ಪೆಟ್ಟಿಗೆ ಅದು. ಅದರೊಳಗೆ ಅಂಗೈಯಗಲದ ಒಂದು ಬೋರ್ಡು. ಆ ಬೋರ್ಡನ್ನು ನಡೆಸುವುದು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ. ಅಕ್ಟೋಬರದಲ್ಲಿ ಬಳ್ಳಿ ಸವರಿದ ಮೇಲೆ, ನಾಲ್ಕು ದಿನ ಮೋಡ ಕವಿದರೂ ಎಳೆಯ ಚಿಗುರಿಗೆ ಬೂಜು ರೋಗ ತಗಲುವ ಕಾಲದಲ್ಲಿ, ಅದು ನಿಂತುಹೋಗಿತ್ತು. ನೋಡಿದವರೆಲ್ಲ ಅದು ಸತ್ತಿದೆ, ಹೊಸದನ್ನು ಕೊಳ್ಳಿರೆಂದಿದ್ದರು. ಸಾಲ ಮಾಡಿ ಎಬ್ಬಿಸಿದ ತೋಟ, ಹೊಸದಕ್ಕೆ ಹಣವೆಲ್ಲಿ?

ಶಿಷ್ಯ ಬೋರ್ಡನ್ನು ತಿರುವಿ ನೋಡಿದ. ಅದರ ಕಿರುದೀಪ ಉರಿಯುತ್ತಿತ್ತು. “ಸತ್ತಿಲ್ರಿ ಕಾಕಾ. ಸುಮ್ಮನ ಕುಂತೈತಿ,” ಎಂದ.

ಇಂಥ ಬೋರ್ಡಿಗೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಅದರ ಅಂತರಂಗವನ್ನು ಅರಿಯಬೇಕಾದರೆ ಇರುವ ದಾರಿ ಮೂರು ತಂತಿಗಳು ಮಾತ್ರ: ಹೇಳುವುದಕ್ಕೊಂದು, ಕೇಳುವುದಕ್ಕೊಂದು, ಎರಡಕ್ಕೂ ಸಮಾನವಾದ ನೆಲದ ತಂತಿಯೊಂದು. ಇದಕ್ಕೆ ಸೀರಿಯಲ್ ಕನ್ಸೋಲ್ ಎಂದು ಹೆಸರು. ಅಕ್ಷರಗಳು ಬಿಟ್ಟುಗಳಾಗಿ ಒಂದರ ಹಿಂದೊಂದು ಹರಿಯುತ್ತವೆ. ಸೆಕೆಂಡಿಗೆ 115200 ಬಿಟ್ಟುಗಳ ವೇಗ ಇಲ್ಲಿ ವಾಡಿಕೆಯದು. ಆದಿ ಅಂತ್ಯದ ಗುರುತುಗಳೂ ಸೇರಿ ಅಕ್ಷರಕ್ಕೆ 10 ಬಿಟ್ಟುಗಳಾದ್ದರಿಂದ, ಸೆಕೆಂಡಿಗೆ 11520 ಅಕ್ಷರಗಳು. ಲಿನಕ್ಸ್ ಈ ದ್ವಾರಗಳಿಗೆ ಕೊಡುವ ‘ಟಿಟಿವೈ’ ಎಂಬ ಹೆಸರು ಹಳೆಯ ಟೆಲಿಟೈಪ್ ಯಂತ್ರದಿಂದ ಬಂದದ್ದು. 2013ರ ಜುಲೈ ತಿಂಗಳಲ್ಲಿ ಭಾರತದ ತಂತಿ ಸೇವೆ ನಿಂತಿತಾದರೂ ಆ ಕಾಲದ ಯಂತ್ರದ ಹೆಸರು ಈ ಪುಟ್ಟ ಬೋರ್ಡುಗಳಲ್ಲಿ ಇಂದಿಗೂ ಉಳಿದಿದೆ.

ಶಿಷ್ಯ ಮೊದಲು ಬೋರ್ಡನ್ನು ಮುಟ್ಟಲಿಲ್ಲ. ತನ್ನ ಸಾಧನವನ್ನೇ ಸಂಶಯಿಸಿದ. ಕಂಪ್ಯೂಟರಿಗೆ ಸಿಕ್ಕಿಸುವ ಕಿರುಸಾಧನದ ಹೇಳುವ ತುದಿಯನ್ನೂ ಕೇಳುವ ತುದಿಯನ್ನೂ ಒಂದಕ್ಕೊಂದು ಕೂಡಿಸಿ, ಕೀಲಿಮಣೆಯಲ್ಲಿ ಒಂದಕ್ಷರ ಒತ್ತಿದ. ಒತ್ತಿದ ಅಕ್ಷರವೇ ಪರದೆಗೆ ಮರಳಿ ಬಂತು. “ಗೋಳಗುಮ್ಮಟದಾಗ ಕೂಗಿಧಂಗಾತಲ್ಲೋ ತಮ್ಮಾ!” ಎಂದು ಗುರುಗಳು ನಕ್ಕರು. ಕಿವಿ ಸರಿಯಿದೆಯೆಂದಾಯಿತು. ಅನಂತರ ಬೋರ್ಡಿನ ಹೇಳುವ ತಂತಿಯನ್ನು ಸಾಧನದ ಕೇಳುವ ತುದಿಗೂ, ಅದರ ಕೇಳುವ ತಂತಿಯನ್ನು ಇದರ ಹೇಳುವ ತುದಿಗೂ ಅಡ್ಡಡ್ಡವಾಗಿ ಜೋಡಿಸಿ, ನೆಲದ ತಂತಿಗಳನ್ನು ಕೂಡಿಸಿದ. ಇಂಥ ಬೋರ್ಡು ಮಾತಾಡುವುದು ಬಹುಮಟ್ಟಿಗೆ 3.3 ವೋಲ್ಟಿನಲ್ಲಿ, ಹಳೆಯ ಕಂಪ್ಯೂಟರುಗಳ ಒಂಬತ್ತು ಮೊಳೆಯ ದ್ವಾರವನ್ನು ನೇರವಾಗಿ ಜೋಡಿಸಿದರೆ ಅದರ ಹೆಚ್ಚಿನ ವೋಲ್ಟೇಜಿಗೆ ಬೋರ್ಡು ಸುಟ್ಟೀತು.

ವಿದ್ಯುತ್ತು ಕೊಟ್ಟೊಡನೆ ಪರದೆಯ ಮೇಲೆ ಸಾಲುಗಳು ಮೂಡಿದವು. ಅವು ಯಂತ್ರವನ್ನು ಎಬ್ಬಿಸುವ ಬೂಟ್‌ಲೋಡರಿನ ಮಾತುಗಳು. ಲಿನಕ್ಸಿನ ತಿರುಳಾದ ಕರ್ನಲ್ ಆರಂಭವಾಗುತ್ತಿದೆ ಎಂಬಲ್ಲಿಗೆ ಮಾತು ನಿಂತಿತು, ಮತ್ತೆ ನಿಶ್ಶಬ್ದ. ಬೆಳೆಗಾರರ ಮುಖ ಬಾಡಿತು. ಶಿಷ್ಯನ ಮುಖ ಮಾತ್ರ ಅರಳಿತು.

ವೇಗ ಹೊಂದದಿದ್ದರೆ ಅಕ್ಷರಗಳು ಕಲಸಿ ಬರಬೇಕಿತ್ತು. 2016ರಲ್ಲಿ ಬಂದ ರಾಸ್ಪ್‌ಬೆರಿ ಪೈ 3ರಲ್ಲಿ ಮುಖ್ಯ ದ್ವಾರ ಬ್ಲೂಟೂತಿಗೆ ಹೋಗಿ, ಹೊರಗಿನ ತಂತಿಗಳಿಗೆ ಕಿರಿಯ ದ್ವಾರವೊಂದು ದಕ್ಕಿತು. ಅದರ ವೇಗ ಯಂತ್ರದ ಒಳಗಡಿಯಾರದೊಡನೆ ಏರಿಳಿಯುವುದರಿಂದ ಹಲವರು ಇಂಥ ಕಲಸುಮಾತನ್ನೇ ಕಂಡರು. ಇಲ್ಲಿ ಅದೂ ಇಲ್ಲ. ತಂತಿ ಸರಿ, ವೇಗ ಸರಿ, ಬೂಟ್‌ಲೋಡರು ಮಾತಾಡಿದೆ. ಹಾಗಾದರೆ ಉಳಿದದ್ದು ಹೆಸರು.

ಕರ್ನಲ್ ಯಾವ ದ್ವಾರದಲ್ಲಿ ಮಾತಾಡಬೇಕೆಂಬುದನ್ನು ಬೂಟ್‌ಲೋಡರು ಹೆಸರು ಹಿಡಿದು ಹೇಳಬೇಕು. ಆದರೆ ಹೆಸರುಗಳು ಎಲ್ಲೆಡೆಯೂ ಒಂದೇ ಅಲ್ಲ. ಕರ್ನಾಟಕದಲ್ಲೇ ಹುಟ್ಟಿದ ಸಿಂಪ್ಯೂಟರ್ ಇದಕ್ಕೊಂದು ನಿದರ್ಶನ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್‌ನವರೂ ಕೂಡಿ 1999ರಲ್ಲಿ ಸ್ಥಾಪಿಸಿದ ಟ್ರಸ್ಟಿನ ಫಲವದು. ಅಕ್ಷರ ಬಾರದವರಿಗೂ ಓದಿ ಹೇಳಬಲ್ಲ, ಲಿನಕ್ಸಿನಿಂದ ನಡೆಯುವ ಕೈಯಂತ್ರ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಮೂಲಕ ‘ಅಮಿದಾ’ ಹೆಸರಿನಲ್ಲಿ ಪೇಟೆಗೆ ಬಂತು. ಅದರಲ್ಲಿದ್ದ ಸ್ಟ್ರಾಂಗ್‌ಆರ್ಮ್ ಚಿಪ್ಪಿನ ದ್ವಾರವನ್ನು ಲಿನಕ್ಸ್ ಕರೆಯುವುದು ‘ಟಿಟಿವೈ-ಎಸ್ಎ-0’ ಎಂದು. ಸಾಮಾನ್ಯ ಕಂಪ್ಯೂಟರಿನಲ್ಲಿ ಅದು ‘ಟಿಟಿವೈ-ಎಸ್-0’. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಓಮ್ಯಾಪ್ ಬಳಗದ ಚಿಪ್ಪುಗಳಲ್ಲಂತೂ ಹಳೆಯ ಚಾಲಕ ‘ಟಿಟಿವೈ-ಓ-0’ ಎಂದದ್ದನ್ನು ಹೊಸ ಚಾಲಕ ‘ಟಿಟಿವೈ-ಎಸ್-0’ ಎನ್ನುತ್ತದೆ. ದ್ವಾರ ಅದೇ, ತಂತಿ ಅದೇ. ಕರೆದ ಹೆಸರು ಬೇರೆಯಾದರೆ ಮಾತು ಹೊರಬಾರದು.

ಈ ಬೋರ್ಡಿನಲ್ಲಿ ಆದದ್ದೂ ಅದೇ. ಯಾರೋ ತಂತ್ರಾಂಶವನ್ನು ಹೊಸದು ಮಾಡಿದವರು ಹಳೆಯ ಹೆಸರನ್ನು ಹಾಗೆಯೇ ಬಿಟ್ಟಿದ್ದರು. ಯಂತ್ರ ನಡೆಯುತ್ತಿದ್ದ ತನಕ ಅದರ ಮಾತು ಯಾರಿಗೂ ಬೇಕಾಗಿರಲಿಲ್ಲವಾದ್ದರಿಂದ ತಪ್ಪು ಬೆಳಕಿಗೆ ಬರಲಿಲ್ಲ. ಶಿಷ್ಯ ಬೂಟ್‌ಲೋಡರನ್ನು ತಡೆದು ನಿಲ್ಲಿಸಿ, ‘ಓ’ ಇದ್ದಲ್ಲಿ ‘ಎಸ್’ ಬರೆದ. ಮರುಕ್ಷಣವೇ ಸಾಲುಸಾಲಾಗಿ ಮಾತು ಧುಮ್ಮಿಕ್ಕಿತು. ಅದರಲ್ಲಿ ದ್ವಾರ ತೆರೆಯುವ ಮುಂಚಿನ ಮಾತುಗಳೂ ಇದ್ದವು. ಏಕೆಂದರೆ ಕರ್ನಲ್ ತನ್ನ ಮಾತುಗಳನ್ನು ನೆನಪಿನಲ್ಲಿ ಕೂಡಿಡುತ್ತದೆ, ಕನ್ಸೋಲ್ ಸಿಕ್ಕೊಡನೆ ಮೊದಲಿನಿಂದ ಹೇಳುತ್ತದೆ. ಕೊನೆಯ ಸಾಲಿನಲ್ಲಿ ಒಂದು ಬೇಡಿಕೆಯಿತ್ತು. ಕರೆಂಟು ಹಠಾತ್ತನೆ ಹೋಗಿದ್ದರಿಂದ ಮೆಮರಿ ಕಾರ್ಡಿನ ಕಡತಗಳ ವ್ಯವಸ್ಥೆ ಕೆಟ್ಟಿತ್ತು. ದುರಸ್ತಿಗೆ ಯಾರಾದರೂ ಬನ್ನಿರೆಂದು ಬೋರ್ಡು ಕೇಳುತ್ತ ನಿಂತಿತ್ತು. ಎಷ್ಟೋ ದಿನಗಳಿಂದ ಅದು ಕೇಳಿದ್ದು ಒಂದೇ ಮಾತು. ಎಲ್ಲರೂ ಅದನ್ನು ಸಾವೆಂದು ಎಣಿಸಿದ್ದರು.

ದುರಸ್ತಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬೆಳೆಗಾರರು ಪೆಟ್ಟಿಗೆಯನ್ನು ಎದೆಗವಚಿಕೊಂಡು ಹೊರಟರು. ಗುರುಗಳು ಮಾತ್ರ ಏಳಲಿಲ್ಲ. ಅವರಿಗೆ ಹಳೆಯದೊಂದು ಸಂಗತಿ ನೆನಪಾಗಿತ್ತು.

ಒಣಭೂಮಿಯ ಕೂಲಿಕಾರನ ಮಗನಾಗಿ ಈ ಹುಡುಗ ಶಾಲೆಗೆ ಬಂದಾಗ, ಎರಡು ವರ್ಷ ಅವನು ಒಂದು ಪ್ರಶ್ನೆಗೂ ಉತ್ತರ ಕೊಟ್ಟಿರಲಿಲ್ಲ. “ರಾಟೆ ಎಂದರೇನು?” ಎಂದು ಕೇಳಿದರೆ ನೆಲ ನೋಡುತ್ತ ನಿಲ್ಲುತ್ತಿದ್ದ. ಗುರುಗಳು ಅವನನ್ನು ಮಂದಬುದ್ಧಿಯವನೆಂದು ಬಗೆದು ಹಿಂದೆ ಕೂಡಿಸಿದರು. ಒಂದು ದಿನ ಪ್ರಸಾದ ನಿಲಯದ ಬಾವಿಯಲ್ಲಿ ಹಗ್ಗ ಜಾರಿ ಸಿಕ್ಕಿಕೊಂಡಾಗ, ಹಿರಿಯರೆಲ್ಲ ಕೈಚೆಲ್ಲಿ ನಿಂತಿರಲು, ಹುಡುಗ ಮೇಲೇರಿ ಅಚ್ಚು ಸಡಿಲಿಸಿ ಸರಿಪಡಿಸಿದ. “ಇದಕ್ಕ ಏನಂತಾರೋ?” ಎಂದು ಗುರುಗಳು ಕೇಳಿದರು. “ಗಡಗಡಿ ರೀ,” ಎಂದವನೇ, ಭಾರ ಹೇಗೆ ಹಗುರಾಗುತ್ತದೆಂಬುದನ್ನು ಕೇಳದೆಯೇ ವಿವರಿಸಿದ. ಅವನಲ್ಲಿ ವಿದ್ಯೆಯಿತ್ತು, ಗುರುಗಳು ಕರೆದ ಹೆಸರು ಮಾತ್ರ ಅವನ ಮನೆಯದಾಗಿರಲಿಲ್ಲ.

ಆ ಎರಡು ವರ್ಷಗಳ ಭಾರವನ್ನು ಗುರುಗಳು ಯಾರ ಮುಂದೆಯೂ ಇಳಿಸಿರಲಿಲ್ಲ. ಅಂದು ಮೆಲ್ಲನೆ ಕೇಳಿದರು: “ತಮ್ಮಾ, ಆವಾಗ ನಿನಗ ನನ್ನ ಮ್ಯಾಲ ಸಿಟ್ಟು ಬಂದಿತ್ತೇನು?”

ಶಿಷ್ಯ ತಂತಿಗಳನ್ನು ಸುತ್ತಿಡುತ್ತ, “ಇಲ್ರಿ ಸರ್. ನೀವು ಒಂದಿನ ಕೇಳತೀರಿ ಅಂತ ಕುಂತಿದ್ದೆ,” ಎಂದ.

ತರಗತಿಯ ಕೊನೆಯ ಬೆಂಚಿನಲ್ಲಿ ಇಂದೂ ಯಾರೋ ಮೌನವಾಗಿ ಕುಳಿತಿರುತ್ತಾರೆ. ಅವರಲ್ಲಿ ಏನೂ ಇಲ್ಲವೆಂದು ತೀರ್ಪು ಕೊಡುವ ಮುನ್ನ, ಕೇಳುವವರು ತಮ್ಮ ಕಿವಿಯನ್ನೂ, ತಾವು ಕರೆದ ಹೆಸರನ್ನೂ ಒಮ್ಮೆ ಪರೀಕ್ಷಿಸಿಕೊಳ್ಳುವುದು ಲೇಸು.