ಹೆಸರು ಕೆತ್ತದ ಕೊಡೆ

ಬಡಾವಣೆಯಾಗಲಿ, ಟ್ಯುಟೋರಿಯಲ್ ಆಗಲಿ, ಲೆಕ್ಕ ಮೀರಿ ಹುಟ್ಟಿಕೊಂಡರೆ ನಮ್ಮ ಪತ್ರಿಕೆಗಳಿಗೆ ನೆನಪಾಗುವುದು ನಾಯಿಕೊಡೆ. ಹೆಸರಿನಲ್ಲೇ ನಾಯಿ ಸೇರಿಕೊಂಡಿರುವುದರಿಂದ ಅದಕ್ಕೆ ಮರ್ಯಾದೆ ಕಡಿಮೆ. ಮನುಸ್ಮೃತಿಯೂ ಅದನ್ನು ಕವಕವೆಂದು ಕರೆದು, ಬೆಳ್ಳುಳ್ಳಿ ಈರುಳ್ಳಿಗಳ ಪಕ್ಕದಲ್ಲೇ ಕೂರಿಸಿ ದ್ವಿಜರಿಗೆ ಬೇಡವೆಂದಿತು. ಅದೇ ನಾಯಿಕೊಡೆ ಹುತ್ತದ ಮೇಲೆ ಎದ್ದರೆ ಮಾತ್ರ ಅಣಬೆ ಎಂಬ ಬಿರುದು ಪಡೆದು ಸಾರಿನ ಪಾತ್ರೆಗೆ ಬೀಳುತ್ತದೆ. ಹಾಸನ ಜಿಲ್ಲೆಯ ಜಾವಗಲ್ಲಿನಂಥ ಅರೆಬಯಲು ಸೀಮೆಯಲ್ಲಿ ಗುಡುಗಿನ ಮಳೆಯಾದ ಮೇಲೆ ಅದನ್ನು ಹುಡುಕುವವರನ್ನು ತಡೆದರೆ ಸಿಗುವ ಉತ್ತರ ಒಂದೇ: ‘ನಮ್ಮಜ್ಜ ಮುತ್ತಜ್ಜ ತಿಂದಿಲ್ಲವೇ?’

ತಿಂದಿದ್ದಾರೆ. ಆದರೆ ಅವರು ತಿಂದದ್ದು ಅಣಬೆಯನ್ನಲ್ಲ, ಆ ಹುತ್ತದ ಅಣಬೆಯನ್ನು. ಅದು ಗೆದ್ದಲು ನೆಲದೊಳಗೆ ಸಾಕುವ ಬೆಳೆ. ಅದರ ಬೇರಿನಂಥ ಬುಡ ಗೆದ್ದಲಿನ ಗೂಡಿನವರೆಗೂ ಇಳಿದಿರುತ್ತದೆ. ಹಿರಿಯರಿಗೆ ಗೊತ್ತಿದ್ದದ್ದು ಆ ಜಾಗ, ಆ ಬುಡ, ಆ ವಾಸನೆ. ಗೊಬ್ಬರ ಬಿದ್ದ ಹುಲ್ಲುನೆಲದಲ್ಲಿ ಏಳುವ ಕ್ಲೋರೋಫಿಲಮ್ ಎಂಬ ವಿಷದ ಅಣಬೆಯೂ ಬಿಳಿಯೇ, ದಪ್ಪವೇ. ಬಲಿತ ಮೇಲೆ ಕೊಡೆಯಡಿಯ ಪದರ ಹಸಿರಿಗೆ ತಿರುಗುತ್ತದೆ, ಎಳೆಯದರಲ್ಲಿ ಆ ಸುಳಿವೂ ಇಲ್ಲ. ಜಾವಗಲ್ಲಿನ ಲಕ್ಷ್ಮೀನರಸಿಂಹನ ಗುಡಿಯಲ್ಲಿ ಶಿಲ್ಪಿ ಮಲ್ಲಿತಮ್ಮ ತಾನು ಕಡೆದ ವಿಗ್ರಹದಡಿ ಹೆಸರು ಕೆತ್ತಿದ. ಅಣಬೆಗೆ ಅಂಥ ಸೌಜನ್ಯವಿಲ್ಲ. ಹಾಗಾಗಿ ಅಜ್ಜನ ಅರಿವು ಅಜ್ಜನ ಹುತ್ತ ಬಿಟ್ಟು ಕದಲಿದರೆ ಅರಿವಾಗಿ ಉಳಿಯುವುದಿಲ್ಲ. 2012ರ ಹೊಸವರ್ಷದ ಹೊತ್ತಿಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಡೆತ್ ಕ್ಯಾಪ್ ಎಂಬ ವಿಷದ ಅಣಬೆ ತಿಂದು ಇಬ್ಬರು ಸತ್ತರು. ಏಷ್ಯಾದ ಅಡುಗೆಮನೆಗಳಲ್ಲಿ ಬಳಕೆಯಲ್ಲಿರುವ ಭತ್ತದ ಹುಲ್ಲಿನ ಅಣಬೆಯೆಂದು ವಲಸೆ ಬಂದವರು ಅದನ್ನು ತಪ್ಪು ತಿಳಿಯುವುದು ಅಲ್ಲಿ ಹೊಸದಲ್ಲ. ಸತ್ತವರಲ್ಲಿ ಒಬ್ಬ ವೃತ್ತಿಯಿಂದಲೇ ಬಾಣಸಿಗ. ನೆಲ ಬಿಟ್ಟು ಹೋಗದವರಿಗೂ ಖಾತರಿಯಿಲ್ಲ: 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಜನ ತೀರಿಕೊಂಡರು, ಹೆಚ್ಚಿನವರು ಚಹಾ ತೋಟಗಳ ಕಡೆಯವರು.

ಪರೀಕ್ಷೆಗಳಿವೆಯಲ್ಲ ಎನ್ನುವವರೂ ಇದ್ದಾರೆ. ವಿಷವಿದ್ದರೆ ಬೆಳ್ಳಿ ಚಮಚ ಕಪ್ಪಾಗಬೇಕು, ಬೇಯಿಸುವಾಗ ಅಕ್ಕಿ ಬಣ್ಣ ತಿರುಗಬೇಕು, ಹುಳ ತಿಂದಿದ್ದರೆ ನಾವೂ ತಿನ್ನಬಹುದು. ಒಂದೂ ನಂಬತಕ್ಕದ್ದಲ್ಲ. ಹುಳದ ಹೊಟ್ಟೆ ನಮ್ಮದಲ್ಲ. ಡೆತ್ ಕ್ಯಾಪಿನ ವಿಷವಾದ ಅಮಾಟಾಕ್ಸಿನ್‌ಗೆ ಬೆಳ್ಳಿಯ ಪರಿಚಯವೂ ಇಲ್ಲ. ‘ಚೆನ್ನಾಗಿ ಬೇಯಿಸಿದರಾಯಿತು’ ಎಂಬುದು ಇನ್ನೂ ದೊಡ್ಡ ಮೋಸ. ಈ ವಿಷ ಕುದಿಸಿದರೂ ಒಣಗಿಸಿದರೂ ಹೋಗುವುದಿಲ್ಲ, ರುಚಿಯಲ್ಲೂ ಸಿಕ್ಕಿಬೀಳುವುದಿಲ್ಲ.

ಅದರ ವೇಳಾಪಟ್ಟಿಯೂ ವಿಚಿತ್ರ. ಕ್ಲೋರೋಫಿಲಮ್ ತಿಂದವನಿಗೆ ಒಂದೆರಡು ಗಂಟೆಯಲ್ಲೇ ವಾಂತಿ ಶುರು. ಒದ್ದಾಡುತ್ತಾನೆ, ಸಾಮಾನ್ಯವಾಗಿ ಬದುಕುತ್ತಾನೆ. ಅಮಾಟಾಕ್ಸಿನ್ ಆರು ಗಂಟೆ, ಕೆಲವೊಮ್ಮೆ ಇಡೀ ದಿನ ಸುಮ್ಮನಿರುತ್ತದೆ. ಆಮೇಲೆ ವಾಂತಿಭೇದಿ. ಒಂದು ದಿನದ ನಂತರ ಅದೂ ನಿಂತು, ಮನೆಯವರು ‘ಹುಷಾರಾದ’ ಎಂದು ನಿಟ್ಟುಸಿರು ಬಿಡುವಾಗಲೇ ಒಳಗೆ ಯಕೃತ್ತು ಸಾಯುತ್ತಿರುತ್ತದೆ. ಆದ್ದರಿಂದ ಅಣಬೆ ತಿಂದವರಿಗೆ ತಡವಾಗಿ ವಾಂತಿ ಬಂದರೆ ಮಜ್ಜಿಗೆ, ನಿಂಬೆರಸ ಎಂದು ಕಾಯಬೇಡಿ, ಗುಣವಾದಂತೆ ಕಂಡರೂ ಕಾಯಬೇಡಿ. ಜೊತೆಗೆ ಉಂಡವರನ್ನೂ ಕರೆದುಕೊಂಡು ಅರಸೀಕೆರೆಗೋ ಹಾಸನಕ್ಕೋ ಹೊರಡಿ. ಹೆಚ್ಚಿದ ಚೂರು, ತಿಪ್ಪೆಗೆ ಎಸೆದ ಬುಡ, ಏನು ಉಳಿದಿದ್ದರೂ ಕಾಗದದಲ್ಲಿ ಸುತ್ತಿ ವೈದ್ಯರ ಕೈಗೆ ಕೊಡಿ.