ಕತ್ತರಿ ಕೂಲಿ

ಮನೆಯಿಂದ ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳಲು ನಮ್ಮಮ್ಮ ಬಿಡುತ್ತಿರಲಿಲ್ಲ. ಹಾಗೆ ಕೇಳಿದರೆ ಹೋದ ಕೆಲಸ ಕೆಡುತ್ತದಂತೆ. ತಡೆಯಲಾರದೆ ಕೇಳಲೇಬೇಕು ಅನ್ನಿಸಿದರೆ ‘ಏನು, ದೂರ ಹೊರಟ ಹಾಗಿದೆ?’ ಅನ್ನಬೇಕು. ಹೊರಟವರು ‘ಇಲ್ಲೇ, ಹೀಗೇ...’ ಎನ್ನುತ್ತಾ ಯಾವ ದಿಕ್ಕಿಗೂ ಸೇರದಂತೆ ಕೈಯಾಡಿಸಿ ಮೆಟ್ಟಿಲಿಳಿಯಬೇಕು. ಕೇಳಿದವರಿಗೆ ಕೇಳಿದ ಸಮಾಧಾನ, ಹೋಗುವವರಿಗೆ ಹೇಳದೆ ಉಳಿದ ಸಮಾಧಾನ. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಕಲಿತ ಈ ವಿದ್ಯೆ ನನಗೆ ಅನ್ನ ಕೊಡಲಿಲ್ಲ ನಿಜ. ಆದರೆ ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಊರಿನಲ್ಲಿ ಕೂತು ಕೂಪನ್ನು ಮಾರುತ್ತಿದ್ದ ಐದು ವರ್ಷ ನನ್ನ ಮಾನ ಕಾಪಾಡಿತು.

ಕೂಪನ್ನು ಮಾರುವುದೇ? ಹೌದು. ಅಲ್ಲಿ ಭಾನುವಾರದ ಪತ್ರಿಕೆಯ ಹೊಟ್ಟೆಯೊಳಗೆ ಬಣ್ಣದ ಪುರವಣಿ ಬರುತ್ತಿತ್ತು. ಒಂದರ ಹೆಸರು ಸ್ಮಾರ್ಟ್‌ಸೋರ್ಸ್, ಇನ್ನೊಂದರದು ರೆಡ್‌ಪ್ಲಮ್. ಹಾಳೆ ತುಂಬ ಚುಕ್ಕಿಗೆರೆಯ ಚೌಕಗಳು: ಈ ಸೋಪಿಗೆ ಐವತ್ತು ಸೆಂಟು ಕಡಿಮೆ, ಆ ಡಯಾಪರ್‌ಗೆ ಒಂದು ಡಾಲರ್ ಕಡಿಮೆ. ಗೆರೆಗುಂಟ ಕತ್ತರಿಸಿ ಅಂಗಡಿಯ ಗಲ್ಲಾದಲ್ಲಿ ಕೊಟ್ಟರೆ ಬಿಲ್ಲಿನಲ್ಲಿ ಅಷ್ಟು ಇಳಿಯುತ್ತದೆ. ಕೂಸಿಲ್ಲದ ಮನೆಗೆ ಡಯಾಪರ್ ಕೂಪನ್ನು ಬರುತ್ತದೆ, ಮೂರು ಕೂಸಿರುವ ಮನೆಗೆ ಒಂದೇ ಬರುತ್ತದೆ. ಈ ಎರಡು ಮನೆಗಳ ನಡುವಿನ ಸಂದಿನಲ್ಲಿ ನನ್ನ ವ್ಯಾಪಾರ. ಒಂದೇ ಥರದ ಇಪ್ಪತ್ತು ಕೂಪನ್ನು ಕೂಡಿಸಿ, ಇಬೇಯಲ್ಲಿ ಹಾಕಿ, ಎರಡು ಡಾಲರಿಗೋ ಮೂರಕ್ಕೋ ಮಾರಿ, ನಲವತ್ನಾಲ್ಕು ಸೆಂಟಿನ ಅಂಚೆಚೀಟಿ ಅಂಟಿಸಿ ಕಳಿಸುವುದು.

ಶುರು ಮಾಡಿದ್ದು ದುಡ್ಡಿನ ಆಸೆಗಿಂತ ಹೆದರಿಕೆಗೆ. 2008ರ ಡಿಸೆಂಬರ್ 23ರಂದು, ಕ್ರಿಸ್‌ಮಸ್ಸಿಗೆ ಎರಡು ದಿನ ಇದೆ ಎನ್ನುವಾಗ, ಊರಿಗೆ ಅಂಟಿಕೊಂಡ ಮೊರೇನ್‌ನಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆ ಮುಚ್ಚಿತು. ಮುಂದಿನ ಜೂನ್‌ನಲ್ಲಿ ಎನ್‌ಸಿಆರ್ ಜಾರ್ಜಿಯಾಕ್ಕೆ ಹೊರಟೆ ಎಂದಿತು. 1884ರಿಂದ ಡೇಟನ್ನಿನಲ್ಲೇ ಗಲ್ಲಾಪೆಟ್ಟಿಗೆ ಮಾಡಿ ಜಗತ್ತಿಗೆಲ್ಲ ಮಾರಿದ ಕಂಪನಿ ಅದು. ಅದೇ ಊರು ಬಿಟ್ಟಿತು ಎಂದಾಗ ನಮ್ಮನೆಯವರ ಸಣ್ಣ ಕಂಪನಿಯ ಗತಿ ಏನೋ ಎಂದು ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಗ್ರೀನ್ ಕಾರ್ಡ್ ಬಂದಿತ್ತು, ಕೆಲಸ ಸಿಕ್ಕಿರಲಿಲ್ಲ. ನಿದ್ದೆಗೆಟ್ಟವಳ ಕೈಗೆ ಕತ್ತರಿ ಸಿಕ್ಕಿತು.

ಮೊದಲನೆಯ ಕಟ್ಟು ಹಾಕುವಾಗಲೇ ಒಂದು ಇಕ್ಕಟ್ಟು. ಕೂಪನ್ನಿನ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರ ಇರುತ್ತದೆ: ಇದನ್ನು ಇನ್ನೊಬ್ಬರಿಗೆ ಕೊಟ್ಟರೆ, ಮಾರಿದರೆ ರದ್ದು. ಹಾಗಾದರೆ ಇಬೇಯಲ್ಲಿ ಸಾವಿರಾರು ಜನ ಮಾರುತ್ತಿರುವುದೇನು? ಅವರೆಲ್ಲ ಒಂದೇ ಮಂತ್ರ ಬರೆದಿದ್ದರು: ನೀವು ಕೊಡುವ ಹಣ ಕೂಪನ್ನಿಗಲ್ಲ, ಹುಡುಕಿ ಕತ್ತರಿಸಿ ಜೋಡಿಸಿದ ನನ್ನ ಶ್ರಮಕ್ಕೆ. ಓದಿ ನಕ್ಕೆ. ನಮ್ಮ ಸಂಗೀತದ ಮೇಷ್ಟ್ರು ನೆನಪಾದರು. ವಿದ್ಯೆ ಮಾರಬಾರದು ಎಂದು ಅವರು ಫೀಸು ಮುಟ್ಟುತ್ತಿರಲಿಲ್ಲ. ಒಂದನೇ ತಾರೀಖು ತಟ್ಟೆಯಲ್ಲಿ ಎಲೆ ಅಡಿಕೆಯ ಕೆಳಗೆ ಇಟ್ಟ ಗುರುಕಾಣಿಕೆಯನ್ನು ಮುಟ್ಟುತ್ತಿದ್ದರು, ಕಡಿಮೆಯಿದ್ದರೆ ಮುಂದಿನ ವರ್ಣ ಹೇಳಿಕೊಡುತ್ತಿರಲಿಲ್ಲ. ನಾನೂ ಮಂತ್ರ ನಕಲು ಮಾಡಿ ಹಾಕಿದೆ. ಕತ್ತರಿ ಕೂಲಿ ಎಂದು ಹೆಸರಿಟ್ಟೆ. ಇದರಲ್ಲಿ ಒಂದು ಸಣ್ಣ ಸುಳ್ಳು ಇದೆ ಎಂದು ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತು.

ಆ ಇರುವೆ ಸಾಲಿನಲ್ಲೇ ಇನ್ನೊಂದು ಮಾತು: ನಗದು ಬೆಲೆ ಒಂದು ಸೆಂಟಿನ ನೂರನೇ ಒಂದು ಭಾಗ. ಹತ್ತು ಸಾವಿರ ಕೂಪನ್ನು ಒಟ್ಟು ಮಾಡಿದರೆ ಒಂದು ಡಾಲರ್! ಯಾರಿಗೆ ಬೇಕಿತ್ತು ಈ ಲೆಕ್ಕ ಎಂದು ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ. ಅವರು ಒಳಗೆ ಹೋಗಿ ಒಂದು ಹಳೆಯ ಪುಸ್ತಕ ತಂದರು. ಪುಟಗಳ ತುಂಬ ಸಣ್ಣ ಹಸಿರು ಚೀಟಿ, ಅರ್ಧಕ್ಕೆ ನಿಂತಿತ್ತು. ಸ್ಪೆರಿ ಮತ್ತು ಹಚಿನ್ಸನ್ ಎಂಬ ಕಂಪನಿ 1896ರಲ್ಲಿ ಹುಟ್ಟುಹಾಕಿದ ಪದ್ಧತಿ. ದಿನಸಿ ಕೊಂಡರೆ ಅಂಗಡಿಯವನು ಹಸಿರು ಚೀಟಿ ಕೊಡುವನು, ಮನೆಗೆ ಬಂದು ನಾಲಿಗೆಗೆ ತಾಗಿಸಿ ಅಂಟಿಸುವುದು, ಪುಸ್ತಕ ತುಂಬಿದ ಮೇಲೆ ಕೊಟ್ಟು ಸಾಮಾನು ತರುವುದು. ಅಜ್ಜಿಯ ಇಸ್ತ್ರಿಪೆಟ್ಟಿಗೆ, ಟೋಸ್ಟರು, ಮಗಳ ಸೈಕಲ್ಲು ಎಲ್ಲ ಆ ಅಂಟಿನಿಂದ ಬಂದವಂತೆ. ಈ ಚೀಟಿಗಳ ಹಾವಳಿ ಹೆಚ್ಚಿದ ಕಾಲದಲ್ಲಿ ಕೆಲವು ರಾಜ್ಯಗಳು ಕಾನೂನು ಮಾಡಿದವು. ಚೀಟಿ ಕೊಡುತ್ತೀರಾ, ಹಾಗಾದರೆ ಅದಕ್ಕೆ ನಗದು ಬೆಲೆಯೂ ಇರಲಿ, ಬೇಕೆಂದವರಿಗೆ ಕಾಸು ಕೊಡಿ ಎಂದು. ಕೂಪನ್ನಿನ ಮೇಲಿನ ಪುಡಿಗಾಸು ಆ ಕಾನೂನಿಗೆ ಹಾಕಿದ ಕೈಮುಗಿತ. ವ್ಯಾಪಾರಿ ಎಲ್ಲ ದೇಶದಲ್ಲೂ ಒಬ್ಬನೇ.

ಇನ್ನು ಗಿರಾಕಿಗಳ ಪ್ರಶ್ನೆ. ಇಬೇಯಲ್ಲಿ ‘ಮಾರುವವರನ್ನು ಕೇಳಿ’ ಎಂಬ ಕೊಂಡಿ ಇತ್ತು. ಅದನ್ನು ನಮ್ಮ ರೈಲಿನ ಎದುರು ಸೀಟಿನವರಿಗಾಗಿಯೇ ಮಾಡಿದ್ದಿರಬೇಕು. ಅಮೆರಿಕದವರು ಇನ್ನೊಬ್ಬರ ವಿಷಯ ಕೇಳುವುದಿಲ್ಲ, ಸಂಬಳ ಕೇಳುವುದಿಲ್ಲ, ಮಕ್ಕಳೆಷ್ಟು ಕೇಳುವುದಿಲ್ಲ ಎಂದೆಲ್ಲ ನನಗೆ ಹೇಳಿ ಕಳಿಸಿದ್ದರು. ಮುಖ ಕಾಣದಿದ್ದರೆ ಅವರೂ ಒಂಟಿಕೊಪ್ಪಲಿನವರೇ. ಇಷ್ಟೊಂದು ಕೂಪನ್ನು ನಿಮಗೆ ಎಲ್ಲಿಂದ ಸಿಗುತ್ತೆ? ವಾರಕ್ಕೆ ಎಷ್ಟು ಪೇಪರ್ ತರಿಸುತ್ತೀರಿ? ಪೇಪರಿನವನು ನಿಮ್ಮ ನೆಂಟನೇ? ಇದರಲ್ಲಿ ಎಷ್ಟು ಗಿಟ್ಟುತ್ತೆ? ಅಷ್ಟು ಒಳ್ಳೆಯ ಕೂಪನ್ನಾದರೆ ನೀವೇ ಯಾಕೆ ಬಳಸಬಾರದು? ಬೆಕ್ಕಿನ ಆಹಾರದ ಕೂಪನ್ನಿನ ಬಗ್ಗೆ ಹೀಗೆ ಕೇಳಿದಾಕೆಗೆ ನಮ್ಮ ಮನೆಯಲ್ಲಿ ಬೆಕ್ಕಿಲ್ಲ ಎಂದು ಬರೆದೆ. ಹತ್ತು ನಿಮಿಷದಲ್ಲಿ ಮರುಪ್ರಶ್ನೆ: ಯಾಕೆ ಸಾಕಿಲ್ಲ?

ಮೊದಮೊದಲು ನಾನು ದಡ್ಡಿ, ಎಲ್ಲದಕ್ಕೂ ಉದ್ದುದ್ದ ಬರೆಯುತ್ತಿದ್ದೆ. ಎರಡು ಸಾಲಿನ ಉತ್ತರಕ್ಕೆ ನಾಲ್ಕು ಹೊಸ ಪ್ರಶ್ನೆ ಮೊಳೆಯುತ್ತಿದ್ದವು. ಸಿಟ್ಟು ಮಾಡುವ ಹಾಗೂ ಇಲ್ಲ. 2008ರಲ್ಲೇ ಇಬೇ ಒಂದು ನಿಯಮ ತಂದಿತ್ತು: ಕೊಂಡವರು ಮಾರಿದವರ ಬಗ್ಗೆ ಕೆಟ್ಟ ಮಾತು ಬರೆಯಬಹುದು, ಮಾರಿದವರು ಕೊಂಡವರ ಬಗ್ಗೆ ಬರೆಯುವ ಹಾಗಿಲ್ಲ. ಸೊಸೆಯ ಸ್ಥಾನ.

ನಿಜ ಹೇಳುವುದಕ್ಕೆ ಏನು ಕಷ್ಟ ಎಂದರೆ, ನಿಜ ಅಷ್ಟು ಚೆನ್ನಾಗಿರಲಿಲ್ಲ. ಅಜ್ಜಿ ಒಂದು ಪುರವಣಿ ಕೊಡುತ್ತಿದ್ದರು, ಕನ್ನಡ ಕೂಟದ ಗೆಳತಿಯರು ಐದಾರು. ಉಳಿದ ಮೂವತ್ತು? ಸೋಮವಾರ ಬೆಳಿಗ್ಗೆ ಆರಕ್ಕೆ, ಕಸದ ಲಾರಿ ಬರುವ ಮೊದಲು, ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ರದ್ದಿ ಪೇಪರಿನ ಡಬ್ಬಿಗೆ ಸೊಂಟದವರೆಗೂ ಬಗ್ಗುತ್ತಿದ್ದವಳು ನಾನೇ. ಎಂ.ಎಸ್‌ಸಿ. ಮಾಡಿದವಳು. ಒಂದು ದಿನ ಮೇಲಿನ ಮನೆಯಾತ ನಾಯಿ ಹಿಡಿದು ಬಂದು, ‘ಏನಾದರೂ ಕಳೆದುಕೊಂಡಿರಾ?’ ಎಂದು ಬಹಳ ಮರ್ಯಾದೆಯಿಂದ ಕೇಳಿದ. ಇಲ್ಲೇ, ಹೀಗೇ ಎಂದು ಕೈಯಾಡಿಸಿದೆ. ಅವತ್ತೇ ನನಗೆ ಅಮ್ಮನ ವಿದ್ಯೆ ನೆನಪಾದದ್ದು.

ಇದು ನಮ್ಮ ವಂಶದಲ್ಲೇ ಇದೆಯೇನೋ. 1999ರಲ್ಲಿ ಬ್ರಿಟಾನಿಯಾ ಬಿಸ್ಕತ್ತಿನವರು ಇಂಗ್ಲೆಂಡಿನ ವಿಶ್ವಕಪ್ ನೋಡಲು ಕಳಿಸುತ್ತೇವೆಂದು ಹೊದಿಕೆಗಳ ಮೇಲೆ ರನ್ ಅಚ್ಚು ಹಾಕಿದ್ದು ನಿಮಗೆ ನೆನಪಿರಬಹುದು. ನೂರು ರನ್ ಕೂಡಿಸಿದರೆ ಕೆರೆದು ನೋಡುವ ಒಂದು ಪುಸ್ತಕ. ನಮ್ಮಣ್ಣನ ಮಗ ಆಗ ಐದನೇ ಕ್ಲಾಸು. ಅವನ ಹತ್ತಿರ ಕಟ್ಟುಗಟ್ಟಲೆ ಹೊದಿಕೆ. ಶಾಲೆಯಲ್ಲಿ ರನ್ನುಗಳನ್ನು ಗೋಲಿಗೆ, ಪೆನ್ನಿಗೆ ಮಾರುತ್ತಿದ್ದ. ಇಷ್ಟೊಂದು ಎಲ್ಲಿಂದಲೋ ಎಂದು ಹುಡುಗರು ಕೇಳಿದರೆ ‘ನಮ್ಮನೇಲಿ ಬಿಸ್ಕತ್ತು ಜಾಸ್ತಿ ತಿಂತಾರೆ’ ಅನ್ನುವನು. ಮನೆಯಲ್ಲಿ ತಿನ್ನುತ್ತಿದ್ದದ್ದು ಚಕ್ಕುಲಿ, ನಿಪ್ಪಟ್ಟು. ಬಸ್ ಸ್ಟ್ಯಾಂಡಿನ ಟೀ ಅಂಗಡಿಯ ಕಸದ ಬುಟ್ಟಿಯಲ್ಲಿ ಅವನನ್ನು ಹಿಡಿದವಳು ನಾನು. ‘ಥೂ, ಎಂಜಲು ಬುಟ್ಟಿಗೆ ಕೈ ಹಾಕ್ತೀಯಾ’ ಎಂದು ಬೆನ್ನಿಗೆ ಒಂದು ಕೊಟ್ಟಿದ್ದೆ. ಹತ್ತು ವರ್ಷದ ಮೇಲೆ ಓಹಾಯೋದ ಡಬ್ಬಿಯಲ್ಲಿ ಬಗ್ಗಿದ್ದಾಗ ಆ ಏಟಿನ ನೆನಪಾಗಿ ನನ್ನ ಬೆನ್ನೇ ಚುರ್ರೆಂದಿತು.

ಕೂಪನ್ನಿಗಾದರೂ ಒಂದು ಕಾಲದಲ್ಲಿ ಎಂಥ ಠೀವಿ! ಫ್ರೆಂಚರ ‘ಕೂಪೇ’, ಅಂದರೆ ಕತ್ತರಿಸು, ಇದರಿಂದ ಬಂದ ಮಾತು. ಮೊದಲು ಸಾಲಪತ್ರಗಳ ಅಂಚಿನಲ್ಲಿ ಬಡ್ಡಿಗೆಂದು ಸಾಲಾಗಿ ಇರುತ್ತಿದ್ದ ಚೀಟಿಗಳಿಗೆ ಆ ಹೆಸರು. ಆರು ತಿಂಗಳಿಗೊಮ್ಮೆ ಒಂದನ್ನು ಕತ್ತರಿಸಿ ಬ್ಯಾಂಕಿಗೆ ಕೊಟ್ಟರೆ ಬಡ್ಡಿ. ಕೂಪನ್ ಕತ್ತರಿಸುವವರು ಎಂದರೆ ಕೈಗೆ ಮಣ್ಣು ಸೋಕದ ಶ್ರೀಮಂತರು ಎಂದೇ ಅರ್ಥ. 1982ರ ಒಂದು ಕಾಯ್ದೆಯಿಂದ ಅಮೆರಿಕದಲ್ಲಿ ಒಡೆಯರ ಹೆಸರು ಬರೆಯದ ಅಂಥ ಸಾಲಪತ್ರಗಳ ಕಾಲ ಮುಗಿಯಿತು. ಅಷ್ಟರಲ್ಲಿ ಕತ್ತರಿ ಬಡವರ ಅಡುಗೆಮನೆಗೆ ಬಂದಾಗಿತ್ತು. ತಂದವರು ಕೋಕಾ ಕೋಲಾದವರು. 1880ರ ದಶಕದ ಕೊನೆಯಲ್ಲಿ ಅಟ್ಲಾಂಟಾದಲ್ಲಿ ಒಂದು ಲೋಟ ಪುಕ್ಕಟೆ ಎಂದು ಚೀಟಿ ಹಂಚಿದರು. 1894ರಿಂದ 1913ರವರೆಗೆ 85 ಲಕ್ಷ ಲೋಟ ಹೀಗೆ ಕುಡಿಸಿದೆವು ಎಂದು ಕಂಪನಿಯೇ ಲೆಕ್ಕ ಕೊಡುತ್ತದೆ. ಲೋಟದ ಬೆಲೆ ಐದು ಸೆಂಟು. ಎರಡನೇ ಲೋಟಕ್ಕೆ ಜನ ಕಾಸು ಕೊಟ್ಟರು ಎಂದು ಬೇರೆ ಹೇಳಬೇಕಿಲ್ಲ.

ಡೇಟನ್ನಿನಿಂದ ಉತ್ತರಕ್ಕೆ ಇಪ್ಪತ್ತು ಮೈಲಿ ಹೋದರೆ ಟ್ರಾಯ್ ಎಂಬ ಚಿಕ್ಕ ಊರು. 1974ರ ಜೂನ್ 26ರ ಬೆಳಿಗ್ಗೆ ಅಲ್ಲಿನ ಮಾರ್ಷ್ ಅಂಗಡಿಯಲ್ಲಿ ರಿಗ್ಲಿಯ ಜೂಸಿ ಫ್ರೂಟ್ ಚ್ಯೂಯಿಂಗ್ ಗಮ್ ಪ್ಯಾಕೆಟ್ಟೊಂದು ‘ಪೀಂ’ ಅಂದಿತು. ಬಾರ್‌ಕೋಡ್ ಓದಿ ಮಾರಿದ ಮೊದಲ ವಸ್ತು ಅದು, ಬೆಲೆ 67 ಸೆಂಟು. ಅಲ್ಲಿನ ಗಲ್ಲಾಯಂತ್ರ ನಮ್ಮೂರ ಎನ್‌ಸಿಆರ್‌ನದು. ಕೂಪನ್ನಿಗೂ ಬಾರ್‌ಕೋಡ್ ಬಂದಾಗ ಅದರ ಮೊದಲ ಅಂಕಿ 5. ಒಂದು ಭಾನುವಾರ ನಮ್ಮನೆಯವರನ್ನು ಹೊರಡಿಸಿಕೊಂಡು ಟ್ರಾಯ್‌ಗೆ ಹೋಗಿಬಂದೆ. ತಿರುಪತಿಗೆ ಹೋದಂತೆ ಇತ್ತು ಎಂದರೆ ಅವರು ನಗುತ್ತಾರೆ. ಮಾರ್ಷ್ ಅಂಗಡಿಗಳ ಸಂತಾನವೇ 2017ರಲ್ಲಿ ದಿವಾಳಿಯಾಗಿ ಮುಗಿಯಿತು.

ಪ್ರಶ್ನೆಗಳ ವಿಷಯಕ್ಕೆ ಬರುತ್ತೇನೆ. ಬರುಬರುತ್ತಾ ಒಂದು ರೂಢಿ ಮಾಡಿಕೊಂಡೆ. ಪ್ರಶ್ನೆ ಚೀಟಿಯದೋ, ನನ್ನದೋ ಎಂದು ನೋಡುವುದು. ಕಡೇ ದಿನಾಂಕ ಯಾವುದು, ಎಷ್ಟು ಇವೆ, ಯಾವ ಭಾನುವಾರದ್ದು, ಎರಡು ಕೊಂಡರೆ ಮಾತ್ರವೋ ಒಂದಕ್ಕೂ ಆಗುತ್ತದೋ, ಇದೆಲ್ಲ ಚೀಟಿಯ ಪ್ರಶ್ನೆ. ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚಿಗೇ ಹೇಳುತ್ತಿದ್ದೆ. ಎಷ್ಟು ಗಿಟ್ಟುತ್ತೆ, ಗಂಡ ಏನು ಮಾಡುತ್ತಾರೆ, ಇದು ನನ್ನ ಪ್ರಶ್ನೆ. ಅದಕ್ಕೆ ‘ಇಲ್ಲೇ, ಹೀಗೇ’ ಎಂಬುದರ ಇಂಗ್ಲಿಷು. ವಿಚಾರಿಸಿದ್ದಕ್ಕೆ ಸಂತೋಷ, ಎಲ್ಲವೂ ಭಾನುವಾರದ ಪತ್ರಿಕೆಯವು, ನಾಳೆಯೇ ಅಂಚೆಗೆ ಹಾಕುತ್ತೇನೆ. ಇದರಲ್ಲಿ ಸುಳ್ಳೂ ಇಲ್ಲ, ಡಬ್ಬಿಯೂ ಇಲ್ಲ.

2012ರ ಜುಲೈನಲ್ಲಿ ಈ ರೂಢಿ ಸ್ವಲ್ಪ ಅಲ್ಲಾಡಿತು. ಅರಿಜೋನಾದ ಫೀನಿಕ್ಸ್‌ನಲ್ಲಿ ಮೂವರು ಹೆಂಗಸರನ್ನು ಪೊಲೀಸರು ಹಿಡಿದರು. ಜಾಲತಾಣದಲ್ಲಿ ಮಾರುತ್ತಿದ್ದ ಖೋಟಾ ಕೂಪನ್ನು, ಸಿಕ್ಕ ಮಾಲಿನ ಮುಖಬೆಲೆ ನಾಲ್ಕು ಕೋಟಿ ಡಾಲರ್. ಕೂಪನ್ನು ಅಸಲಿ ಅಲ್ಲವೆಂದಾದರೆ ನಷ್ಟ ಅಂಗಡಿಯವನಿಗೆ. ಅವನು ಕೂಡಿಟ್ಟ ಚೀಟಿಗಳನ್ನೆಲ್ಲ ವಿಂಗಡಿಸಿ ತಯಾರಕರಿಗೆ ಕಳಿಸಬೇಕು. ಅವರು ಮುಖಬೆಲೆ ಮತ್ತು ಚೀಟಿಗೆ ಎಂಟು ಸೆಂಟು ಕೈಗೂಲಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಎಲ್ಲಿಂದ ಸಿಗುತ್ತೆ ಎಂಬ ಪ್ರಶ್ನೆಯನ್ನು ಮೂರು ವರ್ಷ ನಾನು ಮೂಗು ತೂರಿಸುವವರ ಪ್ರಶ್ನೆ ಎಂದುಕೊಂಡಿದ್ದೆ. ಅದು ಚೀಟಿಯದೇ ಪ್ರಶ್ನೆಯಾಗಿತ್ತು. ಆಮೇಲೆ ಪ್ರತಿ ಕಟ್ಟಿನ ಫೋಟೋದಲ್ಲಿ ಪುರವಣಿಯ ತಾರೀಖು ಕಾಣುವ ಅಂಚನ್ನೂ ಸೇರಿಸಿದೆ. ಡಬ್ಬಿಯ ಫೋಟೋ ಹಾಕಲಿಲ್ಲ.

ಇಂಡಿಯಾನಾದ ಒಬ್ಬಾಕೆ ತಿಂಗಳಿಗೊಮ್ಮೆ ಡಯಾಪರ್ ಕೂಪನ್ನು ತರಿಸುತ್ತಿದ್ದಳು, ಪ್ರತಿಸಲ ಏನಾದರೂ ಕೇಳುತ್ತಿದ್ದಳು. ಒಂದು ಸಲ ಬರೆದಳು: ನಿಮ್ಮ ಲಕೋಟೆ ತೆರೆದರೆ ಒಂದು ವಾಸನೆ ಬರುತ್ತೆ, ಏನದು? ನನ್ನ ಎದೆ ಧಸಕ್ಕೆಂದಿತು. ರದ್ದಿ ಡಬ್ಬಿಯದೇ ಎಂದು ಉಳಿದ ಕಟ್ಟುಗಳನ್ನೆಲ್ಲ ಮೂಸಿ ನೋಡಿದೆ. ಹುರಿದ ಕೊತ್ತಂಬರಿ, ಮೆಂತ್ಯ, ಇಂಗು. ಕೂಪನ್ನು ಇಡುತ್ತಿದ್ದದ್ದು ಅಮ್ಮ ಸಾರಿನಪುಡಿ ತುಂಬಿ ಕಳಿಸಿದ್ದ ತಗಡಿನ ಡಬ್ಬದಲ್ಲಿ. ಆ ಒಂದು ಪ್ರಶ್ನೆಗೆ ರೂಢಿ ಮುರಿದು ಎರಡು ಪುಟ ಬರೆದೆ. ಬ್ಯಾಡಗಿ ಮೆಣಸಿನಕಾಯಿ ಎಷ್ಟು, ಗುಂಟೂರು ಎಷ್ಟು ಎನ್ನುವವರೆಗೆ. ಆಕೆಯ ಮರುಪ್ರಶ್ನೆ: ಅದಕ್ಕೆ ಕೂಪನ್ನು ಇದೆಯೇ?

2014ರಲ್ಲಿ ನಿಲ್ಲಿಸಿದೆ. ನನಗೊಂದು ಕೆಲಸ ಸಿಕ್ಕಿತು, ಅಜ್ಜಿ ಪತ್ರಿಕೆ ತರಿಸುವುದನ್ನು ಬಿಟ್ಟರು, ಅಂಗಡಿಯವರೇ ಫೋನಿನಲ್ಲಿ ಕೂಪನ್ನು ಕಳಿಸತೊಡಗಿದರು. ಅದಕ್ಕೆ ಕತ್ತರಿಯೂ ಬೇಡ, ಕೂಲಿಯೂ ಇಲ್ಲ. ಕತ್ತರಿ ಈಗ ಹಾಲಿನ ಪ್ಯಾಕೆಟ್ಟಿಗೆ. ಮೈಸೂರಿಗೆ ವಾಪಸು ಬರುವಾಗ ಸೂಟ್‌ಕೇಸಿನಲ್ಲಿ ಡಬ್ಬವೂ ಬಂತು, ತಳದಲ್ಲಿ ಅವಧಿ ಮೀರಿದ ಮುನ್ನೂರು ಕೂಪನ್ನು. ಮೇಲೆ ಅಚ್ಚಾದ ನಗದು ಬೆಲೆಯ ಪ್ರಕಾರ ಎಲ್ಲ ಸೇರಿ ಮೂರು ಸೆಂಟು. ಬೇಕಿದ್ದವರು ಬಂದು ತೆಗೆದುಕೊಂಡು ಹೋಗಬಹುದು. ಎಲ್ಲಿಂದ ಬಂದವು ಎಂದು ಮಾತ್ರ ಕೇಳಬೇಡಿ.