ಮಾಗಳದ ದಾರಿಯಲ್ಲಿ ಜೋಡಿ ಸೈಲೆನ್ಸರ್

ಹೂವಿನಹಡಗಲಿಯಿಂದ ಮಾಗಳಕ್ಕೆ ಹೋಗುವವರು ಸಾಮಾನ್ಯವಾಗಿ ಚಾಲುಕ್ಯರ ಕಾಲದ ಸೂರ್ಯನಾರಾಯಣ ಗುಡಿ ನೋಡಲು ಹೋಗುತ್ತಾರೆ, ಇಲ್ಲವೇ ತುಂಗಭದ್ರೆಯ ದಡದಲ್ಲಿ ಸ್ವಲ್ಪ ಹೊತ್ತು ತಣ್ಣಗೆ ಕೂತು ಬರಲು ಹೋಗುತ್ತಾರೆ. ನಾನು ಕಳೆದ ಸುಗ್ಗಿಯಲ್ಲಿ ಅಲ್ಲಿಗೆ ಹೋದದ್ದು ಒಬ್ಬ ರೈತರ ಕ್ಷಮೆ ಕೇಳಲು. ಅದಕ್ಕೆ ಕಾರಣ ನನ್ನ ಮೋಟಾರ್ ಸೈಕಲ್ಲಿನ ಎರಡು ಸೈಲೆನ್ಸರುಗಳು.

ಮಾಗಳ ನನ್ನ ಹೆಂಡತಿಯ ತವರು. ನನ್ನ ಗಾಡಿಯೂ ಆ ಮನೆಯದೇ. ಮಾವನವರು ಬಿಟ್ಟುಹೋದ ಹಳೆಯ ಯೆಜ್ಡಿ. ಈಗಿನ ಮಕ್ಕಳಿಗೆ ಅದರ ಚರಿತ್ರೆ ಗೊತ್ತಿರಲಿಕ್ಕಿಲ್ಲ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೋಟಾರ್ ಸೈಕಲ್ ತಯಾರಿಸತೊಡಗಿತು. 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. 2022ರಲ್ಲಿ ಅದೇ ಹೆಸರಿನ ಹೊಸ ಗಾಡಿಗಳು ಮಾರುಕಟ್ಟೆಗೆ ಬಂದಿವೆಯಾದರೂ ಅವುಗಳದು ಫೋರ್ ಸ್ಟ್ರೋಕ್ ಎಂಜಿನ್. ನಮ್ಮದು ಟು ಸ್ಟ್ರೋಕ್. ಅವುಗಳ ಸೈಲೆನ್ಸರ್ ಇದಕ್ಕೆ ಹೊಂದುವುದಿಲ್ಲ.

ನನ್ನ ಯೆಜ್ಡಿಗೆ ಇರುವುದು ಒಂದೇ ಸಿಲಿಂಡರ್, ಆದರೆ ಸೈಲೆನ್ಸರ್ ಎರಡು. ಎಡಕ್ಕೊಂದು, ಬಲಕ್ಕೊಂದು. ಎರಡೂ ತುಕ್ಕು ತಿಂದು ತೂತು ಬಿದ್ದಿದ್ದವು. ಇದರಲ್ಲೊಂದು ರಸಾಯನಶಾಸ್ತ್ರದ ಪಾಠವಿದೆ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಉರಿದಾಗ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹೊರಬರುತ್ತದೆ. ದೂರದ ಪ್ರಯಾಣದಲ್ಲಿ ಕೊಳವೆ ಕಾದು ಆ ಆವಿ ಹಾರಿಹೋಗುತ್ತದೆ. ನನ್ನ ಹಾಗೆ ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಎಂದು ಓಡಿಸಿದರೆ ಕೊಳವೆ ಕಾಯುವಷ್ಟರಲ್ಲಿ ಎಂಜಿನ್ ನಿಂತಿರುತ್ತದೆ. ಒಳಗೆ ಉಳಿದ ನೀರು ಕಬ್ಬಿಣವನ್ನು ತಿನ್ನುತ್ತದೆ.

ಮೆಕ್ಯಾನಿಕ್ ನನ್ನ ಮುಂದೆ ಮೂರು ಜೊತೆ ಇಟ್ಟ. ಒಂದು, ಹಳೆಯ ದಾಸ್ತಾನಿನಲ್ಲಿ ಉಳಿದಿದ್ದ ಕಂಪನಿಯ ಮಾಲು. ಹೊಳಪು ಮಾಸಿತ್ತು, ಬೆಲೆ ಹೆಚ್ಚು. ಎರಡನೆಯದು, ಅದರ ನಕಲು. ಮೂರನೆಯದು, ಕನ್ನಡಿಯಂತೆ ಹೊಳೆಯುವ ನೇರ ಕೊಳವೆ. ಬೆಲೆ ಎಲ್ಲಕ್ಕಿಂತ ಕಡಿಮೆ. ಜೊತೆಗಿದ್ದ ಮಗ, “ಅಪ್ಪಾ, ಇದನ್ನ ಹಾಕಿಸು. ಹೊಗೆ ಸಲೀಸಾಗಿ ಹೋಗ್ತದ, ಗಾಡಿಗೆ ಪವರ್ ಬರ್ತದ” ಎಂದ. ಇಪ್ಪತ್ತೈದು ವರ್ಷ ವಿಜ್ಞಾನ ಕಲಿಸಿದ ನಾನು ಬೆಲೆ ಕೇಳಿ ತಲೆಯಾಡಿಸಿಬಿಟ್ಟೆ.

ಮುಂದಿನ ಭಾನುವಾರ ಅದೇ ಗಾಡಿಯಲ್ಲಿ ಮಾಗಳದ ದಾರಿ ಹಿಡಿದೆ. ಊರು ಸಮೀಪಿಸುವಾಗ ಮುಂದೊಂದು ಎತ್ತಿನ ಬಂಡಿ. ಮೆಕ್ಕೆಜೋಳದ ಚೀಲಗಳ ಮೇಲೆ ಎಂಟು ವರ್ಷದ ಹುಡುಗನೊಬ್ಬ ಕೂತಿದ್ದ. ದಾಟಿ ಹೋಗಲೆಂದು ನಾನು ಎಕ್ಸಲೇಟರ್ ತಿರುವಿದ್ದೇ ತಡ, ಆ ಸದ್ದಿಗೆ ಎತ್ತುಗಳು ಬೆದರಿ ರಸ್ತೆ ಬಿಟ್ಟವು. ಬಂಡಿಯ ಒಂದು ಗಾಲಿ ಕಾಲುವೆಗೆ ಇಳಿಯಿತು, ಚೀಲಗಳು ಉರುಳಿದವು. ಹುಡುಗ ಹೇಗೋ ಗೂಟ ಹಿಡಿದು ಉಳಿದುಕೊಂಡ. ಅವನ ಅಜ್ಜ ಬೈಯಲಿಲ್ಲ. “ಸರ, ಗಾಡಿ ತಂದೀರೋ, ಪಟಾಕಿ ತಂದೀರೋ? ಮೊಮ್ಮಗ ಮ್ಯಾಲೆ ಕುಂತಿದ್ದ ನೋಡ್ರಿ” ಎಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಮನೆ ಮುಟ್ಟಿದರೆ ಬಾಗಿಲು ಹಾಕಿತ್ತು. ನಮ್ಮ ಅತ್ತೆಗೆ ಈಗ ಕಣ್ಣು ಮಂಜು. ಇಷ್ಟು ವರ್ಷವೂ ಅವರು ಯೆಜ್ಡಿಯ ಸದ್ದು ಕೇಳಿಯೇ ಒಲೆಯ ಮೇಲೆ ಚಹಾಕ್ಕೆ ನೀರಿಡುತ್ತಿದ್ದರು. ಆ ದಿನ, “ಯಾರೋ ಪುಂಡ ಹುಡುಗ ಹೊಂಟಾನ ಅಂತ ಬಾಗಿಲ ಹಾಕ್ಕೊಂಡೆನ್ರಿ” ಎಂದರು.

ಬಂದದ್ದು ಸದ್ದು ಮಾತ್ರ, ಶಕ್ತಿ ಬರಲಿಲ್ಲ. ದಿಬ್ಬ ಹತ್ತುವಾಗ ಗಾಡಿ ಮೊದಲಿಗಿಂತ ಬೇಗ ದಣಿಯುತ್ತಿತ್ತು. ಟು ಸ್ಟ್ರೋಕ್ ಎಂಜಿನ್ನಿನಲ್ಲಿ ಸುಟ್ಟ ಹೊಗೆ ಹೋಗುವ ಕಿಂಡಿಯೂ ಹೊಸ ಪೆಟ್ರೋಲ್-ಗಾಳಿ ಬರುವ ಕಿಂಡಿಯೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಆಗ ಹೊಸ ಮಿಶ್ರಣವೂ ಹೊಗೆಯ ಬೆನ್ನು ಹಿಡಿದು ಹೊರಟುಬಿಡಬಹುದು. ಅದನ್ನು ತಡೆಯುವುದು ಸೈಲೆನ್ಸರಿನಿಂದ ಹಿಂದಿರುಗುವ ಒತ್ತಡದ ಅಲೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ನೋಡಬಹುದು. ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಒಮ್ಮೆ ಜಾಡಿಸಿ. ಅಲೆ ಸರಳಿನವರೆಗೆ ಹೋಗಿ ನಿಮ್ಮ ಕೈಗೇ ಮರಳುತ್ತದೆ. ಸೈಲೆನ್ಸರಿನೊಳಗೂ ಹೀಗೆಯೇ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸಲ ಉರಿಯುತ್ತದೆ. ಕಾದ ಹೊಗೆಯಲ್ಲಿ ಶಬ್ದದ ಅಲೆ ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡುತ್ತದೆ. ಕೊಳವೆಯ ಉದ್ದ, ಹೊಟ್ಟೆಯ ಗಾತ್ರ, ಒಳಗಿನ ತೂತುಗಳು ಎಲ್ಲವೂ ಆ ಅಲೆ ಸರಿಯಾದ ಹೊತ್ತಿಗೆ ಮರಳಲೆಂದೇ ಇರುವ ಲೆಕ್ಕ. ಒಳಗಿನದನ್ನೆಲ್ಲ ಕಿತ್ತುಹಾಕಿದರೆ ಲೆಕ್ಕ ತಪ್ಪುತ್ತದೆ. ಸುಡದ ಪೆಟ್ರೋಲು ಹೊಗೆಯೊಂದಿಗೆ ಹಾರಿಹೋಗುತ್ತದೆ.

ಮರುವಾರವೇ ಆ ಕೊಳವೆಗಳನ್ನು ಬಿಚ್ಚಿಸಿದೆ. ಈ ಸಲ ಅಂಗಡಿಯಲ್ಲಿ ಅವಸರ ಮಾಡಲಿಲ್ಲ. ಮೊದಲು ಕೈಯಲ್ಲಿ ಎತ್ತಿ ತೂಕ ನೋಡಿದೆ. ತೀರಾ ಹಗುರವಾಗಿದ್ದರೆ ತಗಡು ತೆಳು, ಇಲ್ಲವೇ ಒಳಗೆ ಏನೂ ಇಲ್ಲ. ಹಿಂದಿನ ತುದಿಯ ಸ್ಕ್ರೂ ಬಿಚ್ಚಿ ಒಳಗಿನ ತೂತುಗಳ ಕೊಳವೆಯನ್ನು ಎಳೆದು ನೋಡಿದೆ. ಅದು ಹೊರಗೆ ಬರುವಂತಿರಬೇಕು, ಏಕೆಂದರೆ ಎಣ್ಣೆ ಬೆರೆಸಿದ ಪೆಟ್ರೋಲಿನ ಮಸಿ ಕಟ್ಟಿಕೊಂಡಾಗ ಅದನ್ನು ತೆಗೆದು ಕೆರೆಯಬೇಕು. ಹಳೆಯ ಜೊತೆಯ ಪಕ್ಕದಲ್ಲಿಟ್ಟು ಉದ್ದ ಅಳೆದೆ. ಎಂಜಿನ್ನಿಗೆ ಸೇರುವ ಬೆಂಡ್ ಪೈಪಿನ ಬಾಯಿ ಸರಿಯಾಗಿ ಕೂಡುವುದೇ, ಹೊಸ ವಾಷರ್ ಹಾಕಿದ್ದಾರೆಯೇ ಎಂದು ಪರೀಕ್ಷಿಸಿದೆ. ಎರಡನ್ನೂ ಜೊತೆಯಾಗಿಯೇ ಬದಲಿಸಿದೆ. ಕೊನೆಗೆ ಎಂಜಿನ್ ಚಾಲೂ ಮಾಡಿ ಎರಡೂ ತುದಿಗಳ ಹಿಂದೆ ಕಾಗದದ ಪಟ್ಟಿ ಹಿಡಿದು, ಸಮನಾಗಿ ಹಾರುತ್ತದೆಯೇ ಎಂದು ನೋಡಿದೆ. ಕೊಂಡದ್ದು ಹೊಳಪು ಮಾಸಿದ ಕಂಪನಿಯ ಜೊತೆಯನ್ನೇ.

ಪಾಲಕರಿಗೆ ಒಂದು ಮಾತು. ಮಗ ಹಟ ಹಿಡಿದನೆಂದು ಸದ್ದಿನ ಸೈಲೆನ್ಸರ್ ಕೊಡಿಸುವ ಮುನ್ನ ಕಾನೂನು ತಿಳಿದಿರಲಿ. ಪ್ರತಿ ಮೋಟಾರು ವಾಹನಕ್ಕೂ ಸದ್ದು ತಗ್ಗಿಸುವ ಸಾಧನ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಹೇಳುತ್ತದೆ. 175 ಸಿ.ಸಿ.ಗಿಂತ ದೊಡ್ಡ ಮೋಟಾರ್ ಸೈಕಲ್‌ಗಳಿಗೆ 2005ರ ಏಪ್ರಿಲ್‌ನಿಂದ ಕಾರ್ಖಾನೆಯಲ್ಲಿ ಇರುವ ಮಿತಿ 80 ಡೆಸಿಬೆಲ್. ಹತ್ತು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. 2019ರ ತಿದ್ದುಪಡಿಯ ನಂತರ, ಶಬ್ದ ಮತ್ತು ಹೊಗೆಯ ಮಿತಿ ಮೀರಿದ ವಾಹನ ಓಡಿಸಿದರೆ ಮೊದಲ ತಪ್ಪಿಗೇ ಹತ್ತು ಸಾವಿರ ರೂಪಾಯಿಯವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಲೈಸೆನ್ಸೂ ಮೂರು ತಿಂಗಳು ಹೋಗುತ್ತದೆ.

ಹೊಸ ಸೈಲೆನ್ಸರ್ ಹಾಕಿಸಿ ಮಗನನ್ನು ಹಿಂದೆ ಕೂರಿಸಿಕೊಂಡು ಮತ್ತೆ ಮಾಗಳಕ್ಕೆ ಹೋದೆ. ರೈತರ ಮನೆ ಹುಡುಕಿ ತಪ್ಪಾಯಿತೆಂದು ಹೇಳಿದೆ. ಮಗನೂ ಕೈಮುಗಿದ. ಅಂಗಳದಲ್ಲಿ ಅವೇ ಎತ್ತುಗಳು ಮೆಲುಕು ಹಾಕುತ್ತಿದ್ದವು. ಹೊರಡುವಾಗ ಗಾಡಿಗೆ ಕಿಕ್ ಹೊಡೆದೆ. ಎತ್ತುಗಳು ಕಿವಿ ನಿಮಿರಿಸಿ ಒಮ್ಮೆ ನೋಡಿ ಮತ್ತೆ ಮೇವಿಗೆ ಬಾಯಿ ಹಾಕಿದವು. “ಈಗ ಗಾಡಿ ಆತು ನೋಡ್ರಿ” ಎಂದು ಅಜ್ಜ ನಕ್ಕರು.

ಸೂರ್ಯನಾರಾಯಣ ಗುಡಿಗೂ ಹೋಗಿಬಂದೆವು. ಅಲ್ಲಿಯ ತಂಪಿನಲ್ಲಿ ಮಗ ಪಿಸುಮಾತಿನಲ್ಲೇ ಮಾತಾಡಿದ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುವ ಗಾದೆ ಅಲ್ಲಿ ನಾನು ಹೇಳಬೇಕಾಗಲಿಲ್ಲ.

ಅತ್ತೆಯ ಮನೆ ಮುಂದೆ ಗಾಡಿ ನಿಲ್ಲಿಸಿದಾಗ ಬಾಗಿಲು ತೆರೆದಿತ್ತು. ಒಳಗೆ ಚಹಾ ಕುದಿಯುತ್ತಿತ್ತು.